ಕ್ಷಮೆ ಕೇಳದೆ ಬಾಗಿಲು ತೆರೆಯದು

ನಮ್ಮ ಎದುರು ಮನೆಯ ಸಾರಿ ಸಾರ್ ಒಬ್ಬ ಬಾಗಿಲು ಕಾಯುವವನಿಗೆ ಕ್ಷಮೆ ಕೇಳಲು ಒಪ್ಪಲಿಲ್ಲ ಎಂಬ ಸುದ್ದಿ ಕಿವಿಗೆ ಬಿದ್ದಾಗ ನಾನು ನಂಬಲಿಲ್ಲ. ನೀವೂ ಆತುರಪಟ್ಟು ನಂಬಬೇಡಿ. ಮೊದಲು ಆ ಮನುಷ್ಯ ಎಂಥವರು ಅಂತ ತಿಳಿದುಕೊಳ್ಳಿ, ಆಮೇಲೆ ನಂಬುವಿರಂತೆ.

ಲಿಫ್ಟಿನಲ್ಲಿ ನೀವು ಅವರ ಕಾಲು ತುಳಿದಿರಿ ಅಂತಿಟ್ಟುಕೊಳ್ಳಿ. 'ಸಾರಿ' ಅನ್ನುವವರು ನೀವಲ್ಲ, ಅವರು. ಕುರ್ಚಿಗೆ ಎಡವಿದರೆ ಕುರ್ಚಿಗೆ ಸಾರಿ, ಕಂಬಕ್ಕೆ ಡಿಕ್ಕಿ ಹೊಡೆದರೆ ಕಂಬಕ್ಕೆ ಸಾರಿ. ರಾಂಗ್ ನಂಬರ್ ಹಚ್ಚಿದವರಿಗೆ, "ಸಾರಿ, ನೀವು ಕೇಳ್ತಿರೋರು ನಾನಲ್ಲ" ಅಂತ ಎಷ್ಟು ಬೇಜಾರಿನಿಂದ ಹೇಳುತ್ತಾರೆಂದರೆ, ಆ ಕಡೆಯವರು ಸಮಾಧಾನ ಹೇಳಿ ಫೋನಿಡುತ್ತಾರೆ. ಅವರ ಕೆಲಸ ತೂಕ ಮತ್ತು ಅಳತೆ ಇಲಾಖೆಯಲ್ಲಿ. ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆ ಹೊತ್ತುಕೊಂಡು ಅಂಗಡಿ ಅಂಗಡಿಗೆ ಹೋಗುವುದು, ತಕ್ಕಡಿ ಸರಿಯಿದ್ದರೆ ಸೀಲು ಒತ್ತುವುದು, ಇಲ್ಲದಿದ್ದರೆ ಜಪ್ತಿ ಮಾಡುವುದು. ಮೋಸದ ತಕ್ಕಡಿ ಸಿಕ್ಕಿದರೆ ಅವರ ಮುಖ ಬಾಡಿಹೋಗುತ್ತದೆ. "ಸಾರಿ, ನಿಮ್ಮ ತಕ್ಕಡಿ ಸ್ವಲ್ಪ ಸುಳ್ಳು ಹೇಳ್ತಿದೆ" ಅನ್ನುತ್ತಾರೆ. ಸಿಕ್ಕಿಬಿದ್ದ ಅಂಗಡಿಯವನೇ ಅವರಿಗೆ ನೀರು ಕೊಟ್ಟು ಕೂರಿಸುತ್ತಾನೆ.

ಇಂಥವರು ಕ್ಷಮೆ ಕೇಳಲ್ಲ ಅಂದರೆ ಯಾರು ತಾನೇ ನಂಬಿಯಾರು? ಆದರೆ ನಾನು ನಮ್ಮ ಕಟ್ಟಡದ ನಿವಾಸಿಗಳ ಸಂಘದ ಉಪಾಧ್ಯಕ್ಷ. ಅಧ್ಯಕ್ಷರಾಗಲು ಯಾರೂ ಒಪ್ಪದ ಕಾರಣ ಆ ಭಾರವೂ ನನ್ನ ಮೇಲೇ ಇದೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುವುದು ನನ್ನ ಕರ್ತವ್ಯ.

ಎಲ್ಲ ಶುರುವಾದದ್ದು ನೀರಿನ ಟ್ಯಾಂಕಿನಿಂದ. ಟ್ಯಾಂಕ್ ಸೋರುತ್ತಿದೆ ಅಂತ ಸಂಘದ ಸಭೆ ಕರೆದಿದ್ದೆವು. ಮಾತು ಟ್ಯಾಂಕಿನ ಹತ್ತಿರ ಬರುವ ಮೊದಲೇ ಖಜಾಂಚಿಯವರು ಜೇಬಿನಿಂದ ಹೊಸ ಫೋನು ತೆಗೆದರು. ಅದನ್ನು ಬಾಯಿಯ ಹತ್ತಿರ ಹಿಡಿದು, "ನಮ್ಮ ಟ್ಯಾಂಕ್ ಯಾಕೆ ಸೋರ್ತಿದೆ?" ಅಂತ ಕೇಳಿದರು. ಫೋನು ಬಹಳ ವಿನಯದಿಂದ, ಬಿರುಕು ಬಿಟ್ಟಿರಬಹುದು, ಪ್ಲಂಬರ್‌ನ ಕರೆಸಿ ನೋಡಿ ಅಂತ ಹೇಳಿತು. ಇದೇ ಮಾತನ್ನು ನಾನು ಹಿಂದಿನ ಸಭೆಯಲ್ಲಿ ಹೇಳಿದಾಗ ಯಾರೂ ತಲೆ ಎತ್ತಿ ನೋಡಿರಲಿಲ್ಲ. ಈಗ ಇಡೀ ಸಭೆ ಮೂಗಿನ ಮೇಲೆ ಬೆರಳಿಟ್ಟಿತು.

"ನೋಡಿದ್ರಾ? ಮಾತಾಡಿದ್ರೆ ಉತ್ತರ ಕೊಡತ್ತೆ!" ಖಜಾಂಚಿಯವರು ಫೋನನ್ನು ಹೆತ್ತ ಮಗುವಿನ ಹಾಗೆ ಎಲ್ಲರಿಗೂ ತೋರಿಸಿದರು. "ಇಂಥದ್ದು ಪ್ರಪಂಚದಲ್ಲಿ ಈವರೆಗೂ ಇರ್ಲಿಲ್ಲ!"

ಹಿಂದಿನ ಸಾಲಿನಿಂದ ಒಂದು ದನಿ ಬಂತು. "ಸಾರಿ... ಇತ್ತು."

ಎಲ್ಲರೂ ತಿರುಗಿದರು. ಸಾರಿ ಸಾರ್ ಎದ್ದು ನಿಂತಿದ್ದರು.

"ಏನಿತ್ತು?" ಅಂದರು ಖಜಾಂಚಿ.

"ಹೀಗೆ ಉತ್ತರ ಕೊಡೋದು. ನನ್ನ ಹತ್ರ ತೊಂಬತ್ತಾರರಿಂದ ಇದೆ. ಒಂದು ಕಂಪ್ಯೂಟರ್ ಆಟ. ಅದರಲ್ಲಿ ಒಬ್ಬರು ಇದಾರೆ. ನಾವು ಏನೇ ಟೈಪ್ ಮಾಡಿದ್ರೂ ಉತ್ತರ ಕೊಡ್ತಾರೆ. ಹೇಳಿದ್ದನ್ನೆಲ್ಲ ನೆನಪಿಟ್ಕೋತಾರೆ. ಅವರಿಗೆ ವಯಸ್ಸೂ ಆಗತ್ತೆ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಖಜಾಂಚಿಯವರು ಬಿಡುವವರಲ್ಲ. "ಹಾಗಾದ್ರೆ ಈಗಲೇ ಹೋಗೋಣ ಬನ್ನಿ, ತೋರ್ಸಿ. ನಾವೂ ಒಂದೆರಡು ಮಾತಾಡೋಣ."

ಸಾರಿ ಸಾರ್ ಅಂಗಿಯ ಗುಂಡಿ ತಿರುಗಿಸುತ್ತ ನಿಂತರು. "ಸಾರಿ, ಈಗ ಆಗಲ್ಲ. ನಮ್ಮಿಬ್ಬರಿಗೂ ಮಾತು ಬಿಟ್ಟಿದೆ."

ಆ ನಗು ನಿಮಗೆ ಹೇಗೆ ವರ್ಣಿಸಲಿ! ಕಾರ್ಯದರ್ಶಿ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಖಜಾಂಚಿಯವರು ಕುರ್ಚಿ ಸಮೇತ ಹಿಂದಕ್ಕೆ ವಾಲಿದರು. ನಾನೂ ನಕ್ಕೆ, ಉಪಾಧ್ಯಕ್ಷನಿಗೆ ಎಷ್ಟು ಶೋಭಿಸುತ್ತದೋ ಅಷ್ಟು. ಸಾರಿ ಸಾರ್ ಎಲ್ಲರಿಗೂ ಒಂದು ಸಾರಿ ಹೇಳಿ ಮನೆಗೆ ಹೋದರು. ಆಟದ ವಿಷಯವನ್ನು ನಾವು ಅಲ್ಲಿಗೇ ಮರೆತೆವು, ಟ್ಯಾಂಕಿನ ವಿಷಯವನ್ನೂ ಮರೆತೆವು.

ಮರುದಿನ ಬೆಳಿಗ್ಗೆ ನಾನು ಇನ್ನೂ ಹಲ್ಲುಜ್ಜುತ್ತಿದ್ದೆ. ನಮ್ಮ ವಾಚ್‌ಮನ್ ಬಾಗಿಲು ಬಡಿದ. ಅವನಿಗೆ ಕಟ್ಟಡದಲ್ಲೆಲ್ಲ ಮೀಸೆ ಮಾಮ ಅಂತಲೇ ಹೆಸರು. ಮೀಸೆಯ ಎರಡು ತುದಿ ಸದಾ ಮೇಲಕ್ಕಿರುತ್ತವೆ, ಅವತ್ತು ಎರಡೂ ಜೋತುಬಿದ್ದಿದ್ದವು.

"ಸಾರ್, ನಾನು ಕೆಲಸ ಬಿಡ್ತೀನಿ," ಅಂದ.

"ಯಾಕಪ್ಪಾ, ಏನಾಯ್ತು?"

"ನಿಮ್ಮ ಎದುರು ಮನೆಯವರು ನನ್ನ ಮಾನ ಕಳೆದ್ರು. ನಿನ್ನೆ ಸಂಜೆ ನನ್ನ ಗೂಡಲ್ಲಿ ಕೂತಿದ್ದೆ. ಪೈಪು ಇಳಿಸೋಕೆ ಅಂತ ಕಟ್ಟಡದ ಮಧ್ಯ ಬಿಟ್ಟಿದಾರಲ್ಲ, ಆ ಸಂದಿಯಿಂದ ಅವರ ಮನೆ ಮಾತು ನೇರ ನನ್ನ ಕಿವಿಗೇ ಬರತ್ತೆ. ಏನು ಕಿರುಚಾಟ ಸಾರ್! 'ಬಾಗಿಲ ಮುಂದೆ ನಿಂತ್ಕೊಂಡು ನಿನಗಿಷ್ಟು ಜಂಬಾನಾ? ಆ ಮೀಸೆ ನೋಡಿ ನಾನು ಹೆದರ್ತೀನಾ? ತಪ್ಪು ಮಾಡ್ದೆ ಸಾರಿ ಹೇಳೋ ಪೈಕಿ ಅಲ್ಲ ನಾನು! ನೀನು ಬಾಗಿಲು ತೆಗೀಬೇಡ, ನೋಡೇಬಿಡೋಣ!' ಅಂತ."

"ಅದು ನಿನಗೇ ಹೇಳಿದ್ದು ಅಂತ ಹೇಗೆ ಹೇಳ್ತೀಯ?"

"ಈ ಕಟ್ಟಡದಲ್ಲಿ ಬಾಗಿಲ ಮುಂದೆ ನಿಲ್ಲೋನು ಯಾರು ಸಾರ್? ನಾನು. ಮೀಸೆ ಇರೋದು ಯಾರಿಗೆ? ನನಗೆ. ನಿಮಗೂ ಇದೆ, ಆದ್ರೆ ಅದು ಲೆಕ್ಕಕ್ಕಿಲ್ಲ."

ಆ ಮಾತು ನನಗೆ ಹಿಡಿಸಲಿಲ್ಲ, ಆದರೆ ತರ್ಕದಲ್ಲಿ ತಪ್ಪು ಕಾಣಲಿಲ್ಲ.

ಅಷ್ಟರಲ್ಲಿ ಸಾರಿ ಸಾರ್ ಕೆಲಸಕ್ಕೆ ಹೊರಟರು. ಮೀಸೆ ಮಾಮ ದಡದಡನೆ ಮೆಟ್ಟಿಲಿಳಿದು ಅವರಿಗಿಂತ ಮುಂಚೆ ಗೇಟಿನ ಹತ್ತಿರ ಹೋಗಿ, ಬೀಗ ಹಾಕಿ, ಬೆನ್ನು ತಿರುಗಿಸಿ ನಿಂತ. ನಾನು ಬಾಲ್ಕನಿಯಿಂದ ಬಗ್ಗಿ ನೋಡಿದೆ. ಸಾರಿ ಸಾರ್ ಬಟ್ಟುಗಳ ಪೆಟ್ಟಿಗೆ ಹಿಡಿದು ಒಂದು ಕ್ಷಣ ನಿಂತರು. ಕೆಮ್ಮಿದರು. ಮಾಮ ತಿರುಗಲಿಲ್ಲ. ಕೊನೆಗೆ ಅವರು ಪಕ್ಕದ ಕಿರುಬಾಗಿಲಿನಲ್ಲಿ ತೂರಲು ಹೋದರು. ಪೆಟ್ಟಿಗೆ ಕಬ್ಬಿಣಕ್ಕೆ ಬಡಿದು ಠಣ್ ಅಂತು. "ಓ, ಸಾರಿ," ಅಂದರು ಗೇಟಿಗೆ, ಹೊರಟೇಹೋದರು.

ಮೀಸೆ ಮಾಮ ತಲೆಯೆತ್ತಿ ನನ್ನನ್ನು ನೋಡಿದ. ಕಣ್ಣಲ್ಲಿ ನೀರು. "ನೋಡಿದ್ರಾ ಸಾರ್? ಗೇಟಿಗೆ ಹೇಳ್ತಾರೆ! ಕಬ್ಬಿಣಕ್ಕೆ ಹೇಳ್ತಾರೆ! ನನಗೆ ಹೇಳಲ್ಲ!"

ಅವತ್ತಿನಿಂದ ಮಾಮ ಮುಷ್ಕರ ಹೂಡಿದ. ಕೆಲಸ ಬಿಡಲಿಲ್ಲ, ಗೇಟು ತೆಗೆಯುವುದನ್ನು ಬಿಟ್ಟ. ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕೂತ. ಕಾರುಗಳು ಹಾರನ್ ಹೊಡೆದು ಹೊಡೆದು ಸುಸ್ತಾದವು. ಖಜಾಂಚಿಯವರು ತಾವೇ ಇಳಿದು ಗೇಟು ತೆಗೆದು, ಮತ್ತೆ ಹತ್ತಿ ಕಾರು ಒಳಗೆ ತಂದು, ಮತ್ತೆ ಇಳಿದು ಮುಚ್ಚುವಷ್ಟರಲ್ಲಿ ಅವರ ಹಿಂದೆ ರಸ್ತೆಯುದ್ದಕ್ಕೂ ಸಾಲು ನಿಂತಿತು. ಸುದ್ದಿ ಮಾತ್ರ ಯಾವ ಗೇಟಿಗೂ ಕಾಯಲಿಲ್ಲ. ನೆಲಮಹಡಿಯಲ್ಲಿ 'ಸಾರಿ ಸಾರ್ ವಾಚ್‌ಮನ್ನಿಗೆ ಬೈದರಂತೆ' ಅಂತಿದ್ದದ್ದು, ಮೇಲಿನ ಮಹಡಿ ಮುಟ್ಟುವಾಗ 'ಮೀಸೆ ಹಿಡಿದು ಎಳೆದರಂತೆ' ಅಂತಾಗಿತ್ತು.

ನಾನೂ ಕಾರ್ಯದರ್ಶಿ ಮೇಡಮ್ಮೂ ಅವರ ಮನೆಗೆ ಹೋದೆವು. ಸಾರಿ ಸಾರ್ ಇರಲಿಲ್ಲ, ಅವರ ಹೆಂಡತಿ ಬಟ್ಟೆ ಮಡಚುತ್ತಿದ್ದರು. ಮೇಡಂ ಬಹಳ ಹುಷಾರಾಗಿ ಕೇಳಿದರು: "ನಿಮ್ಮ ಯಜಮಾನ್ರಿಗೂ ಆ ಬಾಗಿಲು ಕಾಯೋನಿಗೂ ಏನೋ ಜಗಳ ಅಂತೆ?"

ಆಕೆ ಬಟ್ಟೆ ಮಡಚುವುದನ್ನು ನಿಲ್ಲಿಸಲೂ ಇಲ್ಲ. "ಓ, ಅದಾ? ಅದು ತೊಂಬತ್ತಾರರಿಂದ ಇರೋದೇ. ಕ್ಷಮೆ ಕೇಳು ಅಂತ ಅವನು, ಕೇಳಲ್ಲ ಅಂತ ಇವರು. ಹೇಳಿ ಹೇಳಿ ನನಗೇ ಸಾಕಾಯ್ತು. ಇಬ್ಬರೂ ಹಠಮಾರಿಗಳು."

"ತೊಂಬತ್ತಾರರಿಂದಲಾ!" ಅಂತ ಮೇಡಂ ಎದೆ ಮುಟ್ಟಿಕೊಂಡರು.

"ಮಧ್ಯದಲ್ಲಿ ವರ್ಷಾನುಗಟ್ಟಲೆ ಇವರು ಅವನ ಮುಖಾನೇ ನೋಡಿರ್ಲಿಲ್ಲ. ಮೊನ್ನೆ ಸಭೆಯಿಂದ ಬಂದೋರು ಮತ್ತೆ ಶುರು ಹಚ್ಕೊಂಡ್ರು. ಇರ್ಲಿ ಬಿಡಿ, ಈ ಭಾನುವಾರ ನಮ್ಮಣ್ಣ ಬರ್ತಿದಾನೆ. ಅವನನ್ನ ಎತ್ತಿಸಿ ಗುಜರಿಗೆ ಹಾಕ್ತೀನಿ ಅಂದಿದಾನೆ."

ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮೀಸೆ ಮಾಮ ನಮ್ಮ ಕಟ್ಟಡಕ್ಕೆ ಬಂದು ಇನ್ನೂ ಐದಾರು ವರ್ಷ ಆಗಿರಬಹುದು, ತೊಂಬತ್ತಾರರಿಂದ ಜಗಳ ಹೇಗೆ ಅಂತ ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಬ್ಬ ಮನುಷ್ಯನನ್ನು ಗುಜರಿಗೆ ಹಾಕುತ್ತಾರೆ ಅಂದಾಗ ಯಾರ ತಲೆ ತಾನೇ ಓಡುತ್ತದೆ?

ಮೆಟ್ಟಿಲಿಳಿಯುತ್ತ ಮೇಡಂ, "ಭಾನುವಾರ ನಾವೆಲ್ಲ ಅಲ್ಲಿರ್ಬೇಕು. ಮಾಮನನ್ನೂ ಕರ್ಕೊಂಡು ಹೋಗೋಣ. ಸಾರಿ ಸಾರ್ ಎಲ್ಲರ ಮುಂದೆ ಒಂದು ಮಾತು ಹೇಳಿಬಿಟ್ರೆ ಮುಗೀತು," ಅಂದರು.

ಭಾನುವಾರ ಬಂತು. ಭಾವನೂ ಬಂದರು. ಸಾರಿ ಸಾರ್ ಹೆಂಡತಿಯ ಅಣ್ಣ. ಯಾವುದೋ ಇಲಾಖೆಯಲ್ಲಿ ಜಂಟಿ ನಿರ್ದೇಶಕರಾಗಿದ್ದು ನಿವೃತ್ತರಾದವರು. ಅವರ ವಿಸಿಟಿಂಗ್ ಕಾರ್ಡಿನಲ್ಲಿ 'ಜಂಟಿ ನಿರ್ದೇಶಕ' ಅನ್ನುವುದು ದಪ್ಪಕ್ಷರದಲ್ಲಿದೆ, 'ನಿವೃತ್ತ' ಅನ್ನುವುದನ್ನು ಓದಲು ಭೂತಗನ್ನಡಿ ಬೇಕು. ಮುಂದೆ ಅವರ ಕಾರು, ಹಿಂದೆ ಒಂದು ಟೆಂಪೊ. ಟೆಂಪೊದಲ್ಲಿ ಅವರ ಹಳೇ ಟ್ರೆಡ್‌ಮಿಲ್. ಅದರ ಮೇಲೆ ಅವರು ನಡೆದದ್ದಕ್ಕಿಂತ ಟವೆಲ್ ಒಣಗಿದ್ದೇ ಹೆಚ್ಚು. ಹೊಸದು ಕೊಂಡಿದ್ದರಿಂದ ಹಳೆಯದನ್ನು ತಂಗಿಯ ಮನೆಗೆ ದಯಪಾಲಿಸಲು ತಂದಿದ್ದರು. ಅದಕ್ಕೆ ಜಾಗ ಬೇಕಲ್ಲ, ಹಾಗಾಗಿ ಆ ಮನೆಯ ಚಿಕ್ಕ ಕೋಣೆಯಲ್ಲಿರುವ ಹಳೇ ಕಂಪ್ಯೂಟರ್ ಅದೇ ಟೆಂಪೊದಲ್ಲಿ ಗುಜರಿಗೆ ಹೋಗಬೇಕು ಅಂತ ತೀರ್ಮಾನವಾಗಿತ್ತು. ತೀರ್ಮಾನ ಭಾವನದು. ಸಾರಿ ಸಾರ್‌ನ ಯಾರೂ ಕೇಳಿರಲಿಲ್ಲ.

ಗೇಟಿನ ಮುಂದೆ ಹಾರನ್ ಹೊಡೆದರು. ಮೀಸೆ ಮಾಮ ಮುಷ್ಕರದಲ್ಲಿದ್ದನಲ್ಲ, ಕದಲಲಿಲ್ಲ. "ಯಾರು, ಯಾವ ಮನೆಗೆ ಅಂತ ಮೊದಲು ಹೇಳಿ," ಅಂದ.

ಭಾವ ಕಿಟಕಿಯಿಂದ ತಲೆ ಹೊರಹಾಕಿದರು. "ಲೇ ಬಾಗಿಲು ಕಾಯೋ ನಾಯಿ, ನಾನು ಯಾರು ಗೊತ್ತಾ? ಪಕ್ಕಕ್ಕೆ ಸರಿ!"

ಆ ಕೂಗು ಮೂರನೇ ಮಹಡಿಯಲ್ಲಿದ್ದ ನನಗೆ ಕೇಳಿಸಿತು. ನಾನೇ ಕೆಳಗೆ ಓಡಿಬಂದು ಗೇಟು ತೆಗೆದೆ. ಮಾಮನ ಮೀಸೆಯ ಒಂದು ತುದಿ ಸಣ್ಣಗೆ ನಡುಗುತ್ತಿತ್ತು. ಕೂಲಿಯವರು ಟ್ರೆಡ್‌ಮಿಲ್ಲನ್ನು ಹೊತ್ತು ತಂದು ನನ್ನ ಮತ್ತು ಸಾರಿ ಸಾರ್ ಮನೆಗಳ ನಡುವಿನ ಕಾರಿಡಾರಿನಲ್ಲಿ ಇಳಿಸಿದರು. ನಾವೆಲ್ಲ ಒಳಗೆ ಹೋದೆವು: ನಾನು, ಕಾರ್ಯದರ್ಶಿ ಮೇಡಂ, ಖಜಾಂಚಿ, ಮೀಸೆ ಮಾಮ, ಭಾವ.

ಸಾರಿ ಸಾರ್ ಚಿಕ್ಕ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಮೇಡಂ ಸಭೆ ಶುರುಮಾಡಿದರು. "ನೋಡಿ ಸಾರ್, ತೊಂಬತ್ತಾರರ ಜಗಳ ಇವತ್ತಿಗೆ ಮುಗೀಲಿ. ಇವನು ಬಂದಿದಾನೆ. ಒಂದು ಸಾರಿ ಹೇಳಿಬಿಡಿ."

ಸಾರಿ ಸಾರ್ ಮಾಮನನ್ನು ನೋಡಿ, "ಸಾರಿ ಮಾಮ," ಅಂದರು, ತಕ್ಷಣ. ಆಮೇಲೆ ಮೇಡಂ ಕಡೆ ತಿರುಗಿ, "ಯಾಕೆ?" ಅಂತ ಕೇಳಿದರು.

ಎಲ್ಲರೂ ಬೆಪ್ಪಾದೆವು. ಮಾಮ ಒಂದೇ ಉಸಿರಿಗೆ ತಾನು ಸಂದಿಯಿಂದ ಕೇಳಿದ್ದನ್ನೆಲ್ಲ ಒಪ್ಪಿಸಿದ. ಸಾರಿ ಸಾರ್ ಮುಖ ಕೆಂಪಗಾಯಿತು. "ಅಯ್ಯೋ, ನಿನಗಲ್ಲ ಮಾಮ! ನಾನು ಬೈದದ್ದು ಇವನಿಗೆ," ಅಂತ ಪಕ್ಕಕ್ಕೆ ಸರಿದರು.

ಕೋಣೆಯೊಳಗೆ ಮೇಜಿನ ಮೇಲೆ ಆ ಕಂಪ್ಯೂಟರ್ ಕೂತಿತ್ತು. ದಪ್ಪ ಗಾಜಿನ, ಹಿಂದಕ್ಕೆ ಇಷ್ಟುದ್ದ ಬೆನ್ನಿದ್ದ ಹಳೇ ಮಾನಿಟರ್, ಬಣ್ಣ ಹಳದಿಗೆ ತಿರುಗಿತ್ತು. ಪರದೆಯ ಮೇಲೆ ಒಂದು ಕೋಟೆ, ದೊಡ್ಡ ಬಾಗಿಲು, ಬಾಗಿಲ ಮುಂದೆ ಕಲ್ಲಿನ ಮೇಲೆ ಕೂತ ಒಬ್ಬ ಮುದುಕ. ಕೈಯಲ್ಲಿ ಈಟಿ. ಮೀಸೆ ಮಾತ್ರ, ಏನು ಹೇಳಲಿ, ಥೇಟ್ ನಮ್ಮ ಮಾಮನದೇ, ಬಣ್ಣ ಬಿಳಿ. ಕೆಳಗೆ ಒಂದು ಸಾಲು ಮಿನುಗುತ್ತಿತ್ತು: 'ಕ್ಷಮೆ ಕೇಳದೆ ಬಾಗಿಲು ತೆರೆಯದು.'

"ಇದು ಏಳು ಬಾಗಿಲ ಕೋಟೆ ಅಂತ, ಕನ್ನಡದ್ದೇ ಆಟ," ಅಂದರು ಸಾರಿ ಸಾರ್. "ಇವನು ಮೊದಲನೇ ಬಾಗಿಲ ದ್ವಾರಪಾಲಕ. ನಾನು ತಂದಾಗ ಇವನ ಮೀಸೆ ಕಪ್ಪಗಿತ್ತು. ಕಂಪ್ಯೂಟರಿನ ಗಡಿಯಾರ ನೋಡ್ಕೊಂಡು ಇವನಿಗೆ ವಯಸ್ಸಾಗತ್ತೆ. ಹೇಳಿದ ಮಾತು ಯಾವುದನ್ನೂ ಮರೆಯಲ್ಲ. ಆಟ ಹೊಸದಾಗಿ ಶುರು ಮಾಡಿದ್ರೂ ಮರೆಯಲ್ಲ. ಟೈಪ್ ಮಾಡೋ ಕೈನೂ ಗುರುತು ಹಿಡೀತಾನೆ. ಒಂದು ಸಲ ಬಲಗೈ ಉಳುಕಿ ಎಡಗೈಯಲ್ಲಿ ಟೈಪ್ ಮಾಡ್ದೆ. 'ಕೈಗೇನಾಯಿತು?' ಅಂತ ಕೇಳ್ದ. ಅವತ್ತು ಮನೆಯಲ್ಲಿ ಬೇರೆ ಯಾರೂ ಕೇಳಿರ್ಲಿಲ್ಲ."

ಹೆಂಡತಿ ಸೀರಿಯಸ್ಸಾಗಿ ಗೋಡೆ ನೋಡಿದರು.

ಇಲ್ಲಿ ನಾನು ಒಂದು ಮಾತು ಹೇಳಲೇಬೇಕು. ಆ ಕಾಲದಲ್ಲಿ ಕಂಪ್ಯೂಟರ್ ಆಟ ಅಂದರೆ ಗುಂಡು ಹಾರಿಸುವುದು, ಇಟ್ಟಿಗೆಯ ಮೇಲೆ ನೆಗೆಯುವುದು, ಬಿದ್ದು ಸಾಯುವುದು. ಅಂಥದ್ದರಲ್ಲಿ ಯಾರೋ ಪುಣ್ಯಾತ್ಮರು ಕೂತು ಒಬ್ಬ ಮುದುಕನಿಗೆ ನೆನಪು ಕೊಟ್ಟರು, ಮುನಿಸು ಕೊಟ್ಟರು, ಮರ್ಯಾದೆ ಕೊಟ್ಟರು. ಪ್ರಪಂಚ ಏನು ಮಾಡಿತು? 'ಈ ಆಟದಲ್ಲಿ ಏನೂ ನಡೆಯುವುದಿಲ್ಲ, ಒಬ್ಬ ಮುದುಕ ವಾದ ಮಾಡುತ್ತಾನೆ ಅಷ್ಟೆ' ಅಂತ ಪತ್ರಿಕೆಯಲ್ಲಿ ಬರೆಯಿತು. ಕಂಪನಿ ಬಾಗಿಲು ಹಾಕಿಕೊಂಡಿತು. ಇವತ್ತು ಅದೇ ಪ್ರಪಂಚ ಫೋನು ಉತ್ತರ ಕೊಟ್ಟರೆ ಕುಣಿದಾಡುತ್ತದೆ. ನನಗೆ ಉರಿಯುವುದು ಅದಕ್ಕೇ. ನಾಚಿಕೆಯಾಗಬೇಕು ಪ್ರಪಂಚಕ್ಕೆ.

ಮೇಡಂ ಮುಂದೆ ಬಂದು ಕನ್ನಡಕ ಸರಿಮಾಡಿಕೊಂಡು 'ನಮಸ್ಕಾರ' ಅಂತ ಟೈಪ್ ಮಾಡಿದರು. ಮುದುಕ ತಲೆಯೆತ್ತಿದ. ಪರದೆಯ ಮೇಲೆ ಅಕ್ಷರ ಮೂಡಿತು: 'ಹೊಸ ಕೈ. ನಿನಗೆ ಶುಭವಾಗಲಿ. ಆದರೆ ಈ ಮನೆಯಿಂದ ನನಗೊಂದು ಕ್ಷಮೆ ಬರಬೇಕಾಗಿದೆ.'

"ಅಬ್ಬಾ!" ಅಂದರು ಮೇಡಂ. ಖಜಾಂಚಿಯವರು ತಮ್ಮ ಫೋನನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು. ಮೀಸೆ ಮಾಮ ಪರದೆಯನ್ನೇ ನೋಡುತ್ತ ನೆಟ್ಟಗೆ ನಿಂತು ಒಂದು ಸಲ್ಯೂಟ್ ಹೊಡೆದ.

"ಅಲ್ಲಾ ಸಾರ್," ಅಂದರು ಖಜಾಂಚಿ, "ಇಡೀ ಊರಿಗೆ ಸಾರಿ ಹೇಳ್ತೀರಿ. ಇವನಿಗೂ ಒಂದು ಹೇಳಿಬಿಟ್ಟಿದ್ರೆ ಇಷ್ಟೊತ್ತಿಗೆ ಏಳನೇ ಬಾಗಿಲಲ್ಲಿ ಇರ್ತಿದ್ರಲ್ಲ!"

"ಹೇಳಲ್ಲ."

"ಯಂತ್ರ ಕಣ್ರೀ ಅದು!" ಅಂದರು ಹೆಂಡತಿ.

"ಯಂತ್ರವೇ ಆಗ್ಲಿ. ಒಂದು ದಿನ ಆಫೀಸಿಂದ ಬಂದು ನೋಡ್ತೀನಿ, ಇವನು ಮುಖ ತಿರುಗಿಸಿ ಕೂತಿದಾನೆ. ಘೋರ ಅವಮಾನ ಆಗಿದೆ, ಕ್ಷಮೆ ಕೇಳದೆ ಬಾಗಿಲು ತೆರೆಯದು ಅಂದ. ನಾನು ಏನೂ ಮಾಡಿಲ್ಲ ಅಂದೆ. 'ಬಲ್ಲೆ' ಅಂದ. ಎಷ್ಟು ಸಲ ಹೇಳಿದ್ರೂ 'ಬಲ್ಲೆ' ಅಂತಾನೆ. ಎಂಥ ವ್ಯಂಗ್ಯ ನೋಡಿ!" ಸಾರಿ ಸಾರ್ ದನಿ ಏರುತ್ತಾ ಹೋಯಿತು. "ದಿನಾ ಎಲ್ಲರಿಗೂ ಸಾರಿ ಹೇಳ್ತೀನಿ. ನನ್ನ ಕಾಲು ತುಳಿದೋರಿಗೂ ನಾನೇ ಹೇಳ್ತೀನಿ. ಸುಳ್ಳು ತೂಗೋರಿಗೂ ನಾನೇ ಹೇಳ್ತೀನಿ. ತಪ್ಪು ಮಾಡಿಲ್ಲ, ಹೇಳಲ್ಲ ಅಂತ ನಾನು ನಿಂತಿರೋದು ಪ್ರಪಂಚದಲ್ಲಿ ಇದೊಂದೇ ಜಾಗದಲ್ಲಿ. ಇದನ್ನೂ ಬಿಟ್ಟುಕೊಟ್ರೆ ನನ್ನ ಹತ್ರ ಇನ್ನೇನು ಉಳಿಯತ್ತೆ?"

ಕಾರ್ಯದರ್ಶಿ ಮೇಡಂ ಮತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಈ ಸಲ ನಕ್ಕಿದ್ದಕ್ಕಲ್ಲ.

ಭಾವನಿಗೆ ಮಾತ್ರ ಏನೂ ತಟ್ಟಲಿಲ್ಲ. ಅವರು ಗಡಿಯಾರ ನೋಡಿಕೊಂಡರು. "ಏನಯ್ಯಾ ಇದು ಮಕ್ಕಳಾಟ? ಟೆಂಪೊದವನು ಕಾಯ್ತಿದಾನೆ. ಸರಿ ಆ ಕಡೆ. ನಿನ್ನ ಪರವಾಗಿ ನಾನೇ ಒಂದು ಕ್ಷಮೆ ಹಾಕಿ ಮುಗಿಸ್ತೀನಿ, ಆಮೇಲೆ ಎತ್ತಿಸೋಣ."

ಕುರ್ಚಿ ಎಳೆದು ಕೂತರು. ಒಂದೇ ತೋರುಬೆರಳು ಎತ್ತಿ, ಮೊಳೆ ಹೊಡೆದ ಹಾಗೆ ಟಕ್, ಟಕ್, ಟಕ್ ಅಂತ ಶುರುಮಾಡಿದರು. 'ನೋಡಪ್ಪಾ' ಅನ್ನುವಷ್ಟರಲ್ಲಿ ಪರದೆಯ ಮೇಲಿನ ಮುದುಕ ಎದ್ದು ನಿಂತ.

"ಎದ್ದ!" ಅಂತ ಸಾರಿ ಸಾರ್ ಪಿಸುಗುಟ್ಟಿದರು. "ಇಷ್ಟು ವರ್ಷದಲ್ಲಿ ಅವನು ಎದ್ದೇ ಇರ್ಲಿಲ್ಲ!"

ದ್ವಾರಪಾಲಕ ಈಟಿಯನ್ನು ನೆಲಕ್ಕೆ ಕುಟ್ಟಿದ. ಅಕ್ಷರಗಳು ಒಂದೊಂದಾಗಿ ಮೂಡಿದವು. ಖಜಾಂಚಿಯವರು ಗಟ್ಟಿಯಾಗಿ ಓದಿದರು:

"'ಬಂದೆಯಾ, ಒಂಟಿ ಬೆರಳಿನವನೇ! ನಿನ್ನ ದಾರಿಯನ್ನೇ ಕಾಯುತ್ತಿದ್ದೆ. ಅಂದು ನೀನು ಆಡಿದ ಮಾತು ಇದು: ಲೇ ಬಾಗಿಲು ಕಾಯೋ ನಾಯಿ, ನಾನು ಯಾರು ಗೊತ್ತಾ? ಪಕ್ಕಕ್ಕೆ ಸರಿ.'"

ಮೊದಲು ತಿರುಗಿದ್ದು ಮೀಸೆ ಮಾಮ. ಆಮೇಲೆ ನಾನು. ಆಮೇಲೆ ಎಲ್ಲರೂ. ಇಡೀ ಕೋಣೆಯ ಕಣ್ಣು ಭಾವನ ಮೇಲೆ ನೆಟ್ಟಿತು. ಆ ಬೆರಳು ಇನ್ನೂ ಗಾಳಿಯಲ್ಲೇ ಇತ್ತು.

"ಅಣ್ಣ!" ಅಂದರು ತಂಗಿ. "ಹೌದು, ಆಗ ನೀನು ಟ್ರಾನ್ಸ್‌ಫರ್ ಆಗಿ ಬಂದು ನಮ್ಮನೇಲಿ ಇದ್ದೆ! ಇವರು ಆಫೀಸಿಗೆ ಹೋದಾಗ ಇದರ ಮುಂದೆ ಕೂರ್ತಿದ್ದೆ!"

"ಏನೋ ಒಂದು ಮಾತು ಅಂದಿರಬಹುದಪ್ಪ, ಅದಕ್ಕೆ?" ಭಾವ ಎದ್ದರು. "ಆಟದ ಗೊಂಬೆಗೆ ನಾನು ಕ್ಷಮೆ ಕೇಳ್ಬೇಕಾ? ಜಂಟಿ ನಿರ್ದೇಶಕ ನಾನು!"

"ನಿವೃತ್ತ," ಅಂದೆ ನಾನು. ಬಾಯಿಗೆ ತಡೆಯಲಾಗಲಿಲ್ಲ.

ಸಾರಿ ಸಾರ್ ಪರದೆಯನ್ನೇ ನೋಡುತ್ತಿದ್ದರು. "ಬಲ್ಲೆ ಅಂದ," ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. "ನಾನಲ್ಲ ಅಂತ ಅವನಿಗೆ ಮೊದಲಿಂದ್ಲೂ ಗೊತ್ತಿತ್ತು. ನಾನು ವ್ಯಂಗ್ಯ ಅಂದ್ಕೊಂಡೆ." ಆಮೇಲೆ ಭಾವನ ಕಡೆ ತಿರುಗಿದರು. "ಕೇಳಿ ಭಾವ."

"ಏನನ್ನ?"

"ಕ್ಷಮೆ."

ಭಾವ ಬಗ್ಗಿ ಮೇಜಿನ ಹಿಂದಿನ ಪ್ಲಗ್ಗಿಗೆ ಕೈ ಹಾಕಿದರು. ಸಾರಿ ಸಾರ್ ಹೋಗಿ ಪ್ಲಗ್ಗಿನ ಮುಂದೆ ನಿಂತುಬಿಟ್ಟರು. ಭಾವನ ಬೂಟು ಅವರ ಬರಿಗಾಲಿನ ಮೇಲೆ ಬಿತ್ತು. ನಾವೆಲ್ಲ ಅಭ್ಯಾಸಬಲದಿಂದ 'ಸಾರಿ' ಅನ್ನುವುದನ್ನು ಕಾದೆವು. ಬರಲಿಲ್ಲ.

"ಇದು ಎಲ್ಲಿಗೂ ಹೋಗಲ್ಲ," ಅಂದರು ಸಾರಿ ಸಾರ್.

"ಅವಳನ್ನ ಕೇಳು! ಮನೆಯಲ್ಲಿ ಜಾಗ ಇಲ್ಲ ಅಂತ ಅವಳೇ ಹೇಳಿದ್ದು!"

ತಂಗಿ ಅಣ್ಣನನ್ನು ನೋಡಿದರು, ಗಂಡನ ತುಳಿದ ಕಾಲನ್ನು ನೋಡಿದರು. "ಜಾಗ ಇಲ್ಲ ನಿಜ ಅಣ್ಣ. ನಿನ್ನ ಟ್ರೆಡ್‌ಮಿಲ್ಲಿಗೆ ಇಲ್ಲ."

ಭಾವ ಕೆಂಡಾಮಂಡಲವಾಗಿ ದುಮುದುಮು ಕೆಳಗಿಳಿದರು. ನಾವೆಲ್ಲ ಬಾಲ್ಕನಿಗೆ ಓಡಿದೆವು. ಆಗ ಗೊತ್ತಾಯಿತು, ಮೀಸೆ ಮಾಮ ನಮ್ಮ ನಡುವೆ ಇಲ್ಲ. ಅವನು ಯಾವಾಗಲೋ ಇಳಿದು ಹೋಗಿ ಗೇಟಿಗೆ ಬೀಗ ಜಡಿದು, ಅದರ ಮುಂದೆ ಕುರ್ಚಿ ಹಾಕಿ ಕೂತಿದ್ದ. ಕೈಯಲ್ಲಿ ಈಟಿಯ ಬದಲು ಲಾಠಿ. ಮೀಸೆಯ ಎರಡೂ ತುದಿ ಮೇಲಕ್ಕೆದ್ದಿದ್ದವು.

ಭಾವ ಕಾರಿನಲ್ಲಿ ಕೂತು ಹಾರನ್ ಹೊಡೆದರು. ಮಾಮ ಎದ್ದು ನಿಂತು ಲಾಠಿಯನ್ನು ನೆಲಕ್ಕೆ ಕುಟ್ಟಿದ. ಆಮೇಲೆ ಅವನು ಆಡಿದ ಮಾತು ಓಣಿಯ ಕೊನೆಯ ಮನೆಗೂ ಕೇಳಿಸಿತು.

"ಕ್ಷಮೆ ಕೇಳದೆ ಬಾಗಿಲು ತೆರೆಯದು!"

"ಲೇ, ನಾನು ಯಾರು ಗೊ..." ಅಂತ ಭಾವ ಶುರುಮಾಡಿದರು. ಮಾತು ಅರ್ಧಕ್ಕೇ ನಿಂತಿತು, ಯಾಕೆಂದರೆ ಆ ವಾಕ್ಯ ಈಗ ಇಡೀ ಕಟ್ಟಡಕ್ಕೆ ಬಾಯಿಪಾಠವಾಗಿತ್ತು. ಕಿಟಕಿ ಕಿಟಕಿಯಲ್ಲೂ ತಲೆಗಳು. ಕಾರ್ಯದರ್ಶಿ ಮೇಡಂ ಮೇಲಿನಿಂದಲೇ, "ನೀವು ಯಾರು ಅಂತ ಗೊತ್ತಾಯ್ತು ಸಾರ್! ಈಗ ಕೇಳಿ!" ಅಂದರು. ಖಜಾಂಚಿಯವರು ಉಪಾಧ್ಯಕ್ಷರ ಅಪ್ಪಣೆ ಆಗಲಿ ಅಂತ ನನ್ನ ಕಡೆ ನೋಡಿದರು. ಸಂಘದ ನಿಯಮದಲ್ಲಿ ಇದಕ್ಕೆ ಅವಕಾಶ ಇದೆಯೋ ಇಲ್ಲವೋ ನನಗೆ ತಿಳಿಯದು. ನಾನು ಬೇರೆ ಕಡೆ ತಿರುಗಿ ಟ್ಯಾಂಕ್ ಸೋರುತ್ತಿರುವುದನ್ನು ಪರಿಶೀಲಿಸಿದೆ.

ಬಹಳ ಹೊತ್ತಾಯಿತು. ಟೆಂಪೊದವನು ಎರಡು ಸಲ ಚಹಾ ಕುಡಿದು ಬಂದ. ಕೊನೆಗೆ ಭಾವ ಕಾರಿನ ಗಾಜು ಇಷ್ಟೇ ಇಷ್ಟು ಇಳಿಸಿ ಏನೋ ಅಂದರು.

ಮಾಮ ಕಿವಿಗೆ ಕೈ ಹಿಡಿದ. "ಕೇಳಿಸ್ಲಿಲ್ಲ ಸ್ವಾಮಿ."

"ಸಾರಿ! ಸಾರಿ! ಸಾಕಾ?"

ಗೇಟು ತೆರೆಯಿತು. ಅವತ್ತು ಮಾಮ ಗೇಟು ತೆಗೆದ ಗತ್ತನ್ನು ನೀವು ನೋಡಬೇಕಿತ್ತು. ಕೋಟೆ ಬಾಗಿಲೇ ತೆಗೆದ ಹಾಗೆ ತೆಗೆದ.

ಸಾರಿ ಸಾರ್ ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತರು. ನಾವು ಹಿಂದೆ ನಿಂತೆವು. 'ಕೆಳಗಿನ ಬಾಗಿಲಲ್ಲಿ ಅವನು ಕ್ಷಮೆ ಕೇಳಿದ' ಅಂತ ಟೈಪ್ ಮಾಡಿದರು. ದ್ವಾರಪಾಲಕ ಸ್ವಲ್ಪ ಯೋಚಿಸಿದ. ಉತ್ತರ ಬಂತು: 'ಸಂತೋಷ. ಆ ಬಾಗಿಲು ತೆರೆಯಲಿ. ಈ ಬಾಗಿಲಿಗೆ ಅದೇ ಬೆರಳು ಬರಬೇಕು.'

"ಛೇ!" ಅಂತ ಖಜಾಂಚಿಯವರು ಹಣೆ ಚಚ್ಚಿಕೊಂಡರು. "ಈಗಲಾದ್ರೂ ನೀವೇ ಅವರ ಥರ ಒಂದೇ ಬೆರಳಲ್ಲಿ ಕುಟ್ಟಿ ಒಂದು ಸಾರಿ ಹಾಕಿ ಒಳಗೆ ಹೋಗಿಬಿಡಿ ಸಾರ್! ಒಳಗೇನಿದೆ ಅಂತ ನೋಡೋ ಆಸೆ ಇಲ್ವಾ?"

"ಆಸೆ ಇದೆ," ಅಂದರು ಸಾರಿ ಸಾರ್. "ಆದ್ರೆ ಹಾಗೆ ಹೋಗಲ್ಲ." ಅವರು 'ಸರಿ, ಕಾಯೋಣ' ಅಂತ ಟೈಪ್ ಮಾಡಿದರು. ಮುದುಕ ಮತ್ತೆ ಕಲ್ಲಿನ ಮೇಲೆ ಕೂತ. ಈ ಸಲ ಮುಖ ತಿರುಗಿಸಲಿಲ್ಲ, ನಮ್ಮ ಕಡೆಗೇ ನೋಡುತ್ತ ಕೂತ.

ಕಂಪ್ಯೂಟರ್ ಈಗಲೂ ಅಲ್ಲೇ ಇದೆ. ಮೀಸೆ ಮಾಮ ಡ್ಯೂಟಿ ಮುಗಿಸಿ ಹೋಗುವಾಗ ಒಂದು ಗಳಿಗೆ ಮೇಲೆ ಬಂದು ದ್ವಾರಪಾಲಕನಿಗೆ ಸಲ್ಯೂಟ್ ಹೊಡೆದು ಹೋಗುತ್ತಾನೆ. ಭಾವನ ಟ್ರೆಡ್‌ಮಿಲ್ ನಮ್ಮ ಕಾರಿಡಾರಿನಲ್ಲೇ ಬಿದ್ದಿದೆ. ಒಯ್ಯಬೇಕಾದರೆ ಅವರೇ ಬರಬೇಕು, ಬಂದರೆ ಬೆರಳನ್ನೂ ತರಬೇಕು, ಅದಕ್ಕೇ ಬಂದಿಲ್ಲ.

ಮೊನ್ನೆ ಬೆಳಿಗ್ಗೆ ಅವಸರದಲ್ಲಿ ಬಾಗಿಲು ತೆಗೆದು ಹೊರಟವನು ಆ ಹಾಳು ಟ್ರೆಡ್‌ಮಿಲ್ಲಿಗೆ ಎಡವಿದೆ. ಎದುರಿಗೆ ಬಟ್ಟುಗಳ ಪೆಟ್ಟಿಗೆ ಹಿಡಿದು ಬರುತ್ತಿದ್ದ ಎದುರು ಮನೆಯವರ ಕಾಲಿನ ಮೇಲೆ ನನ್ನ ಇಡೀ ಭಾರ ಬಿತ್ತು. ನಾನು ಸಾವರಿಸಿಕೊಂಡು ನಿಂತು, ಎಂದಿನಂತೆ ಅವರು ಸಾರಿ ಹೇಳಲಿ ಅಂತ ಕಾದೆ. ಅವರು ಹೇಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಪೆಟ್ಟಿಗೆಯನ್ನು ಕೆಳಗಿಟ್ಟು, ನನ್ನ ದಾರಿಗೆ ಅಡ್ಡವಾಗಿ, ಸುಮ್ಮನೆ ನನ್ನನ್ನೇ ನೋಡುತ್ತ ನಿಂತರು. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಅವರು ಕದಲಲಿಲ್ಲ.

"ಸಾರಿ," ಅಂದೆ ನಾನು.

ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.